ಬೇಸ್‌ಬಾಲ್ ಪ್ಲೇಆಫ್‌ನಲ್ಲಿ ಮ್ಯಾನೇಜರ್ ಯಾಕೆ ಹಾಗೆ ಮಾಡಿದರು? ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಅಂದರೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಪ್ಲೇಆಫ್, ಅಂದರೆ ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತುಗಳ ಕಾಲ. ಅದು ಬಂದರೆ ಸಾಕು, ನನ್ನ ಫೋನಿಗೆ ಬೆಳಗ್ಗೆ ಬೆಳಗ್ಗೆಯೇ ಮೆಸೇಜ್ ಶುರುವಾಗುತ್ತದೆ. "ಅಷ್ಟು ಚೆನ್ನಾಗಿ ಎಸೀತಿದ್ದವರನ್ನ ಯಾಕೆ ತೆಗೆದ್ರು?" ಕೇಳುವವರೆಲ್ಲ ಕ್ರಿಕೆಟ್ ನೋಡಿ ಬೆಳೆದವರು. ಕೆಲವರು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಕಡೆ ಇದ್ದಾರೆ, ಮಕ್ಕಳ ಜೊತೆ ಕೂತು ಬೇಸ್‌ಬಾಲ್ ಕಲಿತವರು. ಕೆಲವರು ಇಲ್ಲೇ ಬೆಂಗಳೂರಿನಲ್ಲಿ ಐದೂವರೆಗೆ ಎದ್ದು ನೋಡುವವರು. ಅವರೆಲ್ಲರ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಂಡ ಸೋತಿತು ಅನ್ನುವ ಒಂದೇ ಕಾರಣಕ್ಕೆ ಮ್ಯಾನೇಜರ್ ತಪ್ಪು ಮಾಡಿದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಗಳಿಗೆಯಲ್ಲಿ ಅವರಿಗೆ ಏನು ಗೊತ್ತಿತ್ತು, ಕೈಯಲ್ಲಿ ಯಾರ್ಯಾರು ಉಳಿದಿದ್ದರು, ಅದನ್ನು ನೋಡಿ ಹೇಳಬೇಕು.

ಮ್ಯಾನೇಜರ್ ಅಂದರೆ ಕೋಚಾ, ಕ್ಯಾಪ್ಟನ್ನಾ?

ಎರಡೂ ಸೇರಿದ ಹಾಗೆ. ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವುದು ಮೈದಾನದಲ್ಲಿರುವ ಕ್ಯಾಪ್ಟನ್. ಬೇಸ್‌ಬಾಲ್‌ನಲ್ಲಿ ಆ ಕೆಲಸ ಡಗೌಟ್‌ನಲ್ಲಿ (ಮೈದಾನದ ಬದಿಯ ತಂಡದ ಬೆಂಚ್) ನಿಂತ ಮ್ಯಾನೇಜರ್‌ದು. ಬ್ಯಾಟಿಂಗ್ ಕ್ರಮ ಬರೆಯುವುದು, ಪಿಚರ್ (ಚೆಂಡು ಎಸೆಯುವವರು) ಬದಲಿಸುವುದು, ಬೇರೆ ಓಟಗಾರನನ್ನು ಇಳಿಸುವುದು ಎಲ್ಲ ಅವರದೇ ಜವಾಬ್ದಾರಿ.

ಇಲ್ಲಿ ಒಂದು ನಿಯಮ ಚೆನ್ನಾಗಿ ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಇದರಿಂದಲೇ ಅರ್ಥವಾಗುತ್ತದೆ. ಒಮ್ಮೆ ಹೊರಗೆ ಬಂದ ಆಟಗಾರ ಆ ಪಂದ್ಯದಲ್ಲಿ ಮತ್ತೆ ಒಳಗೆ ಹೋಗುವ ಹಾಗಿಲ್ಲ. ಬುಮ್ರಾಗೆ ಎರಡು ಓವರ್ ಕೊಟ್ಟು, ನಿಲ್ಲಿಸಿ, 18ನೇ ಓವರಿಗೆ ಮತ್ತೆ ಕರೆಯಬಹುದು. ಬೇಸ್‌ಬಾಲ್‌ನಲ್ಲಿ ಪಿಚರ್‌ನ ಕೈಯಿಂದ ಚೆಂಡು ತೆಗೆದುಕೊಂಡರೆ ಮುಗಿಯಿತು. ಬ್ಯಾಟಿಂಗ್ ಕ್ರಮವೂ ಹಾಗೇ. ಬರೆದುಕೊಟ್ಟ ಮೇಲೆ ಯಾರನ್ನೂ ಹಿಂದೆ ಮುಂದೆ ಮಾಡುವಂತಿಲ್ಲ.

ಲೀಗ್ ಪಂದ್ಯಕ್ಕೂ ಪ್ಲೇಆಫ್ ಪಂದ್ಯಕ್ಕೂ ಮ್ಯಾನೇಜರ್‌ಗೆ ಏನು ವ್ಯತ್ಯಾಸ?

ಲೀಗ್‌ನಲ್ಲಿ ಪ್ರತಿ ತಂಡಕ್ಕೂ 162 ಪಂದ್ಯ. ಇವತ್ತು ಸೋತರೆ ನಾಳೆ ಇನ್ನೊಂದು. ಹಾಗಾಗಿ ಮ್ಯಾನೇಜರ್ ಪಿಚರ್‌ಗಳ ತೋಳು ಉಳಿಸುವ ಲೆಕ್ಕದಲ್ಲೇ ಇರುತ್ತಾರೆ. ಪ್ಲೇಆಫ್‌ನಲ್ಲಿ ಆ ನಾಳೆ ಇರುತ್ತದೆ ಅನ್ನುವ ಖಾತ್ರಿ ಇಲ್ಲ. 2022ರಿಂದ 12 ತಂಡಗಳು ಪ್ಲೇಆಫ್ ಆಡುತ್ತಿವೆ. ಮೊದಲ ಸುತ್ತು ಮೂರು ಪಂದ್ಯದ್ದು, ಆಮೇಲೆ ಐದರದ್ದು, ಕೊನೆಯ ಎರಡು ಸುತ್ತು ಏಳರದ್ದು. ನಡುವೆ ಬಿಡುವಿನ ದಿನ ಸಿಗುವುದರಿಂದ ಒಳ್ಳೆಯ ಪಿಚರ್‌ಗಳನ್ನೇ ಮತ್ತೆ ಮತ್ತೆ ಬಳಸಬಹುದು. ಐದನೇ, ಆರನೇ ದರ್ಜೆಯ ಪಿಚರ್‌ಗೆ ಚೆಂಡು ಕೊಡುವ ಅಗತ್ಯ ಅಷ್ಟಾಗಿ ಬರುವುದಿಲ್ಲ.

ಚೆನ್ನಾಗಿ ಎಸೆಯುತ್ತಿರುವ ಪಿಚರ್‌ನನ್ನೇ ಯಾಕೆ ತೆಗೆಯುತ್ತಾರೆ?

ಜಾಸ್ತಿ ಬರುವ ಪ್ರಶ್ನೆ ಇದೇ. ಬ್ಯಾಟ್ ಮಾಡುವವರು ಒಂಬತ್ತು ಜನ. ಒಂದು ಸುತ್ತು ಮುಗಿದರೆ ಮೊದಲನೆಯವರು ಮತ್ತೆ ಬರುತ್ತಾರೆ. ಅದೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಮೊದಲ ಸಲಕ್ಕಿಂತ ಚೆನ್ನಾಗಿ ಹೊಡೆಯುತ್ತಾರೆ. ಹಲವಾರು ವರ್ಷಗಳ ಅಂಕಿಅಂಶ ಹೇಳುವ ಮಾತು ಇದು. ತೋಳು ದಣಿದಿರುವುದು ಒಂದು ಕಾರಣ. ಚೆಂಡು ಕೈಯಿಂದ ಬಿಡುವ ರೀತಿ, ತಿರುಗುವ ರೀತಿ ಅಷ್ಟು ಹೊತ್ತಿಗೆ ಬ್ಯಾಟರ್ ಕಣ್ಣಿಗೆ ಪಳಗಿಬಿಟ್ಟಿರುವುದು ಇನ್ನೊಂದು.

ಹಾಗಾಗಿ ಮ್ಯಾನೇಜರ್ ಕೇಳಿಕೊಳ್ಳುವುದು "ಇವರು ಇಲ್ಲಿಯವರೆಗೆ ಹೇಗೆ ಎಸೆದರು" ಅಂತ ಅಲ್ಲ. "ಮುಂದಿನ ಮೂರು ಬ್ಯಾಟರ್‌ಗಳಿಗೆ ಇವರು ಒಳ್ಳೆಯವರಾ, ಬುಲ್‌ಪೆನ್‌ನಲ್ಲಿ (ಬದಲಿ ಪಿಚರ್‌ಗಳು ತಯಾರಾಗುವ ಜಾಗ) ಕೈ ಬಿಸಿ ಮಾಡಿಕೊಂಡು ನಿಂತವರು ಒಳ್ಳೆಯವರಾ" ಅಂತ. ನಮಗೆ ಟಿವಿಯಲ್ಲಿ ಕಾಣುವುದು ಮೊದಲನೆಯದು. ಜಗಳ ಶುರುವಾಗುವುದೇ ಅಲ್ಲಿ.

ಪಿಚರ್‌ನನ್ನು ತೆಗೆಯದೆ ಸೋತ ಉದಾಹರಣೆ ಇದೆಯಾ?

ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2003ರ ಅಕ್ಟೋಬರ್ 16. ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಅಮೆರಿಕನ್ ಲೀಗ್ ಫೈನಲ್ ಸರಣಿಯ ಏಳನೇ ಪಂದ್ಯ. ಗೆದ್ದವರು ವರ್ಲ್ಡ್ ಸೀರೀಸ್‌ಗೆ, ಅಂದರೆ ಎರಡು ಲೀಗ್‌ಗಳ ವಿಜೇತರ ಅಂತಿಮ ಸರಣಿಗೆ, ಸೋತವರು ಮನೆಗೆ. ಬಾಸ್ಟನ್ ರೆಡ್ ಸಾಕ್ಸ್ 1918ರಿಂದ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್, ಪ್ರತಿ ಇನಿಂಗ್‌ನಲ್ಲೂ ಎರಡೂ ತಂಡ ಮೂರು ಔಟ್ ಆಗುವವರೆಗೆ ಬ್ಯಾಟ್ ಮಾಡುತ್ತವೆ, ಸಮ ಇದ್ದರೆ ಇನಿಂಗ್ ಮುಂದುವರಿಯುತ್ತವೆ. ಎಂಟನೇ ಇನಿಂಗ್‌ನಲ್ಲಿ ಯಾಂಕೀಸ್ ಬ್ಯಾಟಿಂಗ್‌ಗೆ ಬಂದಾಗ ಬಾಸ್ಟನ್ 5–2ರಿಂದ ಮುಂದಿತ್ತು. ಎಸೆಯುತ್ತಿದ್ದವರು ಪೆಡ್ರೊ ಮಾರ್ಟಿನೆಜ್, ಆ ಕಾಲದ ದೊಡ್ಡ ಪಿಚರ್. ಏಳನೇ ಇನಿಂಗ್ ಮುಗಿಸಿ ಬರುವಾಗ ಅವರು ಆಕಾಶದ ಕಡೆ ಬೆರಳು ತೋರಿಸಿದ್ದರು. ಇವತ್ತಿನ ಕೆಲಸ ಆಯಿತು ಅಂದುಕೊಂಡಾಗ ಅವರು ಹಾಗೆ ಮಾಡುತ್ತಿದ್ದರು. ಆಗಲೇ 100 ಎಸೆತ ಆಗಿತ್ತು.

ಮ್ಯಾನೇಜರ್ ಗ್ರೇಡಿ ಲಿಟಲ್ ಅವರನ್ನೇ ಮತ್ತೆ ಕಳಿಸಿದರು. ಮೊದಲ ಬ್ಯಾಟರ್ ಔಟ್. ಡೆರೆಕ್ ಜೀಟರ್ ಡಬಲ್ ಹೊಡೆದರು, ಅಂದರೆ ಒಂದೇ ಹೊಡೆತಕ್ಕೆ ಎರಡನೇ ಬೇಸ್ ಮುಟ್ಟಿದರು (ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್). ಬರ್ನಿ ವಿಲಿಯಮ್ಸ್ ಸಿಂಗಲ್ ಹೊಡೆದರು, 5–3. ಲಿಟಲ್ ನಡೆದುಕೊಂಡು ಮೌಂಡ್‌ಗೆ, ಪಿಚರ್ ನಿಂತು ಎಸೆಯುವ ದಿಬ್ಬಕ್ಕೆ, ಬಂದರು. ಮುಂದಿನ ಬ್ಯಾಟರ್ ಹಿಡೆಕಿ ಮತ್ಸುಯಿ ಎಡಗೈನವರು. ಅವರಿಗೆಂದೇ ಎಡಗೈ ಪಿಚರ್ ಅಲನ್ ಎಂಬ್ರೀ ಬುಲ್‌ಪೆನ್‌ನಲ್ಲಿ ತಯಾರಾಗಿದ್ದರು. ಲಿಟಲ್ ಪೆಡ್ರೊ ಜೊತೆ ಮಾತಾಡಿದರು, ಬೆನ್ನು ತಟ್ಟಿದರು, ಒಬ್ಬರೇ ವಾಪಸ್ ಹೋದರು. ಮತ್ಸುಯಿ ಡಬಲ್. ಆಮೇಲೆ ಹೋರ್ಹೆ ಪೊಸಾಡ ಹೊಡೆದ ಚೆಂಡು ಮೆಲ್ಲಗೆ ಹಾರಿ ಫೀಲ್ಡರ್‌ಗಳ ನಡುವೆ ಬಿತ್ತು. ಇಬ್ಬರು ಓಡಿ ಬಂದರು, 5–5. ಪೆಡ್ರೊ ಹೊರಗೆ ಬಂದಾಗ 123 ಎಸೆತ ಆಗಿತ್ತು. 11ನೇ ಇನಿಂಗ್‌ನ ಮೊದಲ ಎಸೆತಕ್ಕೇ ಯಾಂಕೀಸ್‌ನ ಆರನ್ ಬೂನ್ ಹೋಮ್ ರನ್ (ಚೆಂಡು ಬೇಲಿಯಾಚೆ, ನಮ್ಮ ಸಿಕ್ಸರ್ ಹಾಗೆ) ಹೊಡೆದರು. ಲಿಟಲ್ ಕೆಲಸ ಕಳೆದುಕೊಂಡರು.

ಸೋತಿದ್ದಕ್ಕೆ ನಾನು ಇದನ್ನು ತಪ್ಪು ಅನ್ನುತ್ತಿಲ್ಲ. 100 ಎಸೆತ ದಾಟಿದ ಮೇಲೆ ಪೆಡ್ರೊ ಹಿಡಿತ ಸಡಿಲವಾಗುತ್ತದೆ ಅನ್ನುವುದು ಆ ಋತುವಿನಲ್ಲಿ ಗೊತ್ತಿದ್ದ ಸಂಗತಿ. ಎಂಬ್ರೀ, ಮೈಕ್ ಟಿಮ್ಲಿನ್ ಇಬ್ಬರೂ ಆ ಪ್ಲೇಆಫ್‌ನಲ್ಲಿ ಸೊಗಸಾಗಿ ಎಸೆಯುತ್ತಿದ್ದರು. ಅಂದರೆ ಲಿಟಲ್‌ಗೆ ಬೇಕಾದ್ದೆಲ್ಲ ಕಣ್ಣೆದುರೇ ಇತ್ತು. ಆದರೂ ಪೆಡ್ರೊ ಹೆಸರಿನ ಮೇಲಿನ ನಂಬಿಕೆ ಗೆದ್ದಿತು.

ಸರಿ, ಬೇಗ ತೆಗೆದು ಸೋತವರು?

2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಕೋವಿಡ್‌ನಿಂದಾಗಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ನಡೆದಿತ್ತು. ಟ್ಯಾಂಪಾ ಬೇ ರೇಸ್‌ನ ಬ್ಲೇಕ್ ಸ್ನೆಲ್ ಲಾಸ್ ಏಂಜಲಿಸ್ ಡಾಡ್ಜರ್ಸ್ ವಿರುದ್ಧ ಎಸೆಯುತ್ತಿದ್ದರು. ಆರನೇ ಇನಿಂಗ್‌ನಲ್ಲಿ ಒಬ್ಬರು ಔಟಾಗಿದ್ದರು. ಎಸೆತ ಬರೀ 73, ಒಂಬತ್ತು ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಬ್ಯಾಟರ್ ಔಟಾಗುವುದು), ಎರಡೇ ಹಿಟ್ (ಬ್ಯಾಟರ್ ಬೇಸ್ ತಲುಪುವಂಥ ಹೊಡೆತ). ಎರಡನೆಯ ಹಿಟ್ ಆಗಷ್ಟೇ ಬಿದ್ದಿತ್ತು. ರೇಸ್ 1–0 ಮುಂದಿತ್ತು. ಮ್ಯಾನೇಜರ್ ಕೆವಿನ್ ಕ್ಯಾಶ್ ಡಗೌಟ್‌ನಿಂದ ಹೊರಬಂದರು. ಅದನ್ನು ಕಂಡ ಸ್ನೆಲ್ ಮುಖ ನೋಡಿದವರಿಗೆ ಮರೆಯಲು ಆಗುವುದಿಲ್ಲ.

ಒಳಗೆ ಬಂದವರು ನಿಕ್ ಆ್ಯಂಡರ್ಸನ್. ಮೂಕಿ ಬೆಟ್ಸ್ ಡಬಲ್ ಹೊಡೆದರು, ಒಂದು ವೈಲ್ಡ್ ಪಿಚ್‌ನಲ್ಲಿ (ಕೀಪರ್ ಕೈಗೂ ಸಿಗದ ಎಸೆತ) ಸಮ ಆಯಿತು, ಮುಂದಿನ ಬ್ಯಾಟರ್‌ನ ನೆಲದ ಹೊಡೆತಕ್ಕೆ ಬೆಟ್ಸ್ ಓಡಿ ಬಂದರು. ಡಾಡ್ಜರ್ಸ್ 3–1ರಿಂದ ಗೆದ್ದು ಪ್ರಶಸ್ತಿ ಎತ್ತಿತು.

ಕ್ಯಾಶ್ ಹೇಳಿದ ಕಾರಣ ಮೂರನೇ ಸುತ್ತಿನದೇ: ಬೆಟ್ಸ್ ಸ್ನೆಲ್‌ರನ್ನು ಮೂರನೇ ಸಲ ನೋಡುವುದು ಬೇಡ ಅಂತ. ಸ್ನೆಲ್ ಆ ವರ್ಷ ಒಂದು ಪಂದ್ಯದಲ್ಲೂ ಆರು ಇನಿಂಗ್ ಪೂರ್ತಿ ಎಸೆದಿರಲಿಲ್ಲ. ಅಷ್ಟರ ಮಟ್ಟಿಗೆ ಲೆಕ್ಕ ಸರಿಯೇ.

ಹಾಗಾದರೆ ಲಿಟಲ್ ಸರಿಯಾ, ಕ್ಯಾಶ್ ಸರಿಯಾ?

ನನ್ನ ಪ್ರಕಾರ ಇಬ್ಬರದ್ದೂ ತಪ್ಪೇ, ಬೇರೆ ಬೇರೆ ಕಾರಣಕ್ಕೆ. ಕ್ಯಾಶ್ ವಿಷಯದಲ್ಲಿ ಜನ ಬೈಯುವುದು "ಸ್ನೆಲ್‌ನ ಯಾಕೆ ತೆಗೆದೆ" ಅಂತ. ನಾನು ಕೇಳುವುದು "ಆ್ಯಂಡರ್ಸನ್‌ರನ್ನು ಯಾಕೆ ತಂದಿರಿ" ಅಂತ. ಲೀಗ್‌ನಲ್ಲಿ ಅವರು ಅದ್ಭುತವಾಗಿ ಎಸೆದಿದ್ದರು, ನಿಜ. ಆದರೆ ಅಷ್ಟು ಹೊತ್ತಿಗೆ ಅವರು ಸತತ ಆರು ಪ್ಲೇಆಫ್ ಪಂದ್ಯಗಳಲ್ಲಿ ರನ್ ಕೊಟ್ಟಿದ್ದರು, ತೋಳು ದಣಿದಿದ್ದು ಕಾಣುತ್ತಿತ್ತು. ಇನ್ನೊಂದು ಕಡೆ ಬೆಟ್ಸ್, ಕೋರಿ ಸೀಗರ್, ಜಸ್ಟಿನ್ ಟರ್ನರ್ ಮೂವರೂ ಸ್ನೆಲ್ ಎದುರು ಆ ರಾತ್ರಿ ತಲಾ ಎರಡು ಸಲ ಸ್ಟ್ರೈಕ್‌ಔಟ್ ಆಗಿದ್ದರು. ಹತ್ತಾರು ವರ್ಷದ ಸರಾಸರಿಗೆ ಬೆಲೆ ಕೊಟ್ಟ ಹಾಗೆ ಕಣ್ಣೆದುರಿನ ಪಂದ್ಯಕ್ಕೂ ಕೊಡಬೇಕಿತ್ತು.

ಪಿಚರ್‌ನನ್ನೇ ಕೇಳಬಹುದಲ್ವಾ?

ಕೇಳಬಹುದು. ಆದರೆ ಉತ್ತರ ಕೇಳುವ ಮೊದಲೇ ಗೊತ್ತಿರುತ್ತದೆ. ವರ್ಲ್ಡ್ ಸೀರೀಸ್‌ನಲ್ಲಿ "ನನ್ನ ಕೈಲಿ ಆಗಲ್ಲ" ಅನ್ನುವ ಪಿಚರ್ ಎಲ್ಲಿ ಸಿಗುತ್ತಾರೆ?

2015ರ ವರ್ಲ್ಡ್ ಸೀರೀಸ್ ಐದನೇ ಪಂದ್ಯದಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಮ್ಯಾಟ್ ಹಾರ್ವಿ ಎಂಟು ಇನಿಂಗ್ ಒಂದೂ ರನ್ ಕೊಡದೆ ಎಸೆದಿದ್ದರು. ಮ್ಯಾನೇಜರ್ ಟೆರ್ರಿ ಕಾಲಿನ್ಸ್ ಸಾಕು ಅಂದರು. ಹಾರ್ವಿ ಡಗೌಟ್‌ನಲ್ಲೇ ಅವರ ಮುಂದೆ ನಿಂತು ಹಟ ಹಿಡಿದರು. ಗ್ಯಾಲರಿ ಪೂರ್ತಿ ಹಾರ್ವಿ ಹೆಸರು ಕೂಗುತ್ತಿತ್ತು. ಕಾಲಿನ್ಸ್ ಮನಸ್ಸು ಬದಲಿಸಿದರು. ಒಂಬತ್ತನೇ ಇನಿಂಗ್‌ನಲ್ಲಿ ಒಂದು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್), ಒಂದು ಡಬಲ್, 2–0 ಇದ್ದದ್ದು 2–1. ಆಮೇಲೆ ಕಾನ್ಸಸ್ ಸಿಟಿ ರಾಯಲ್ಸ್ ಸಮ ಮಾಡಿಕೊಂಡು 12ನೇ ಇನಿಂಗ್‌ನಲ್ಲಿ 7–2ರಿಂದ ಗೆದ್ದು ಚಾಂಪಿಯನ್ ಆಯಿತು. ಕಾಲಿನ್ಸ್ ಮೇಲೆ ನನಗೆ ಸಿಟ್ಟಿಲ್ಲ. ಮಗನಂಥ ಹುಡುಗ ಕಣ್ಣಲ್ಲಿ ಕಣ್ಣಿಟ್ಟು ಕೇಳುವಾಗ ಇಲ್ಲ ಅನ್ನುವುದು ಕಷ್ಟ. ಆದರೂ ಇಲ್ಲ ಅನ್ನಲಿಕ್ಕೇ ಮ್ಯಾನೇಜರ್ ಇರುವುದು.

ಅತ್ಯುತ್ತಮ ರಿಲೀವರ್‌ನನ್ನು (ಬದಲಿಗೆ ಬರುವ ಪಿಚರ್) ಕೊನೆಗೇ ಇಟ್ಟುಕೊಳ್ಳಬೇಕಾ?

ಬೇಡ. ಈ ಪುಟದಲ್ಲಿ ನಾನು ಯಾವ ಅನುಮಾನವೂ ಇಲ್ಲದೆ ಹೇಳುವ ಉತ್ತರ ಇದೊಂದೇ.

ಪಂದ್ಯದ ಕೊನೆಯಲ್ಲಿ ಮುನ್ನಡೆ ಕಾಯುವ ಪಿಚರ್‌ಗೆ ಕ್ಲೋಸರ್ ಅನ್ನುತ್ತಾರೆ. 2016ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್‌ನ ಝ್ಯಾಕ್ ಬ್ರಿಟನ್‌ಗಿಂತ ಒಳ್ಳೆಯ ಕ್ಲೋಸರ್ ಇರಲಿಲ್ಲ. 47 ಸಲ ಮುನ್ನಡೆ ಕಾಯಲು ಬಂದು 47 ಸಲವೂ ಕಾದಿದ್ದರು. ಒಂಬತ್ತು ಇನಿಂಗ್‌ಗೆ ಕೊಟ್ಟ ರನ್ ಸರಾಸರಿ 0.54. ಅಕ್ಟೋಬರ್ 4ರಂದು ಟೊರಾಂಟೊದಲ್ಲಿ ವೈಲ್ಡ್ ಕಾರ್ಡ್ ಸುತ್ತು, ಆಗ ಅದು ಒಂದೇ ಪಂದ್ಯದ್ದು, ಸೋತರೆ ಮನೆಗೆ. 2–2 ಸಮ. ಎಂಟು, ಒಂಬತ್ತು, ಹತ್ತು, ಇನಿಂಗ್ ಮುಗಿಯುತ್ತಾ ಹೋದವು. ಮ್ಯಾನೇಜರ್ ಬಕ್ ಶೋವಾಲ್ಟರ್ ಒಬ್ಬೊಬ್ಬರೇ ಪಿಚರ್‌ಗಳನ್ನು ತಂದರು, ಬ್ರಿಟನ್‌ರನ್ನು ಮಾತ್ರ ತರಲಿಲ್ಲ. ಓರಿಯೋಲ್ಸ್ ಮುನ್ನಡೆ ಪಡೆದ ಮೇಲೆ ಅದನ್ನು ಕಾಯಲು ಬೇಕು ಅಂತ ಎತ್ತಿಟ್ಟಿದ್ದರು. ಆ ಮುನ್ನಡೆ ಬರಲೇ ಇಲ್ಲ. 11ನೇ ಇನಿಂಗ್‌ನಲ್ಲಿ ಉಬಾಲ್ಡೊ ಹಿಮೆನೆಜ್ ಎಸೆತಕ್ಕೆ ಎಡ್ವಿನ್ ಎನ್‌ಕಾರ್ನಾಸಿಯಾನ್ ಮೂರು ರನ್‌ನ ಹೋಮ್ ರನ್ ಹೊಡೆದರು. 5–2. ಆ ವರ್ಷದ ಅತ್ಯುತ್ತಮ ರಿಲೀವರ್ ಒಂದೂ ಚೆಂಡು ಎಸೆಯದೆ ಮನೆಗೆ ಹೋದರು. ಹಬ್ಬಕ್ಕೆಂದು ತಂದ ಹೊಸ ಬಟ್ಟೆ ಬೀರುವಿನಲ್ಲೇ ಉಳಿದ ಹಾಗೆ.

ಎದುರಾಳಿ ತವರಿನಲ್ಲಿ ಆಡುವಾಗ ಅವರೇ ಕೊನೆಗೆ ಬ್ಯಾಟ್ ಮಾಡುತ್ತಾರೆ. ಸಮ ಇದ್ದಾಗ ಅವರು ಒಂದು ರನ್ ಮಾಡಿದರೂ ಪಂದ್ಯ ಅಲ್ಲೇ ಮುಗಿಯುತ್ತದೆ. ಅಂದರೆ ಪ್ರತಿ ಇನಿಂಗ್ ಕೂಡ ಕೊನೆಯ ಇನಿಂಗ್ ಆಗಬಹುದು. ಒಳ್ಳೆಯ ಪಿಚರ್ ಬೇಕಿರುವುದು ಆಗಲೇ ಅಲ್ವಾ?

ಅದೇ ತಿಂಗಳು ಕ್ಲೀವ್‌ಲ್ಯಾಂಡ್‌ನ ಟೆರ್ರಿ ಫ್ರಾಂಕೋನ ಬೇರೆ ದಾರಿ ಹಿಡಿದರು. ತಮ್ಮ ಅತ್ಯುತ್ತಮ ರಿಲೀವರ್ ಆ್ಯಂಡ್ರ್ಯೂ ಮಿಲ್ಲರ್‌ರನ್ನು ಐದನೇ, ಆರನೇ, ಏಳನೇ ಇನಿಂಗ್ ಅನ್ನದೆ, ಪಂದ್ಯ ಕೈ ಜಾರುವ ಹೊತ್ತಿಗೆ ತಂದರು. ಮಿಲ್ಲರ್ ಆ ಲೀಗ್ ಫೈನಲ್‌ನ ಸರಣಿ ಶ್ರೇಷ್ಠರಾದರು.

ಹಾಗಾದರೆ ದಿನಾ ಅವರನ್ನೇ ಬಳಸಿದರೆ?

ತೋಳು ಕೇಳಬೇಕಲ್ಲ. 2016ರ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊ ಕಬ್ಸ್‌ನ ಜೋ ಮ್ಯಾಡನ್ ತಮ್ಮ ಕ್ಲೋಸರ್ ಅರೋಲ್ಡಿಸ್ ಚಾಪ್‌ಮನ್‌ರಿಂದ ಐದನೇ ಪಂದ್ಯದಲ್ಲಿ 42 ಎಸೆತ ಎಸೆಸಿದರು. ಆರನೇ ಪಂದ್ಯದಲ್ಲಿ 7–2 ಮುಂದಿದ್ದಾಗಲೂ ಅವರನ್ನೇ ತಂದರು. ಅದು ಬೇಡವಾಗಿತ್ತು. ಮರುದಿನ ಏಳನೇ ಪಂದ್ಯದ ಎಂಟನೇ ಇನಿಂಗ್‌ನಲ್ಲಿ ಚಾಪ್‌ಮನ್ ಚೆಂಡಿನಲ್ಲಿ ಆ ವೇಗ ಇರಲಿಲ್ಲ, ರಜಾಯ್ ಡೇವಿಸ್ ಹೋಮ್ ರನ್ ಹೊಡೆದು 6–6 ಮಾಡಿದರು. 17 ನಿಮಿಷದ ಮಳೆ ಬಿಡುವಿನ ನಂತರ ಕಬ್ಸ್ 10ನೇ ಇನಿಂಗ್‌ನಲ್ಲಿ 8–7ರಿಂದ ಗೆದ್ದು, 1908ರ ನಂತರ ಮೊದಲ ಸಲ ಚಾಂಪಿಯನ್ ಆಯಿತು. ಗೆದ್ದಿದ್ದರಿಂದ ಮ್ಯಾಡನ್ ಮೇಲೆ ಯಾರೂ ಜಾಸ್ತಿ ಮಾತಾಡಲಿಲ್ಲ. ಸೋತವರ ತಪ್ಪು ಹುಡುಕುವ ನಾವು ಗೆದ್ದವರದ್ದನ್ನೂ ನೋಡಬೇಕು.

ಮ್ಯಾನೇಜರ್ ಮೌಂಡ್‌ಗೆ ಎಷ್ಟು ಸಲ ಹೋಗಬಹುದು?

ಒಂದೇ ಇನಿಂಗ್‌ನಲ್ಲಿ ಒಬ್ಬರೇ ಪಿಚರ್ ಬಳಿಗೆ ಎರಡನೇ ಸಲ ಹೋದರೆ ಅವರನ್ನು ತೆಗೆಯಲೇಬೇಕು. ಪಂದ್ಯಕ್ಕೆ ಇಷ್ಟೇ ಭೇಟಿ ಅನ್ನುವ ಮಿತಿಯೂ ಇದೆ.

ಬುಲ್‌ಪೆನ್‌ಗೆ ಹೇಗೆ ಹೇಳಿ ಕಳಿಸುತ್ತಾರೆ?

ತಂತಿ ಫೋನಿನಲ್ಲಿ! 2011ರ ವರ್ಲ್ಡ್ ಸೀರೀಸ್ ಐದನೇ ಪಂದ್ಯದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಟೋನಿ ಲಾ ರುಸ್ಸ ಜೇಸನ್ ಮಾಟ್ ಬೇಕು ಅಂತ ಫೋನ್ ಮಾಡಿದ್ದರು. ಗ್ಯಾಲರಿ ಗದ್ದಲದಲ್ಲಿ ಅದು ಸರಿಯಾಗಿ ಕೇಳಿಸಲಿಲ್ಲ. ಬಂದವರು ಲ್ಯಾನ್ಸ್ ಲಿನ್. ಲಾ ರುಸ್ಸ ಮೌಂಡ್ ಮೇಲೆ ನಿಂತು ಬೇರೆಯವರು ಓಡಿ ಬರುವುದನ್ನು ನೋಡಬೇಕಾಯಿತು. ಆ ಪಂದ್ಯ ಸೋತರೂ ಸರಣಿ ಅವರದೇ ಆಯಿತು.

ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಅನ್ನುವುದು ಅಷ್ಟು ಮುಖ್ಯವಾ?

ಮುಖ್ಯವೇ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್‌ನ ಚೆಂಡು ದೂರಕ್ಕೆ ತಿರುಗುತ್ತದೆ, ಕಣ್ಣಿಗೆ ತಡವಾಗಿ ಸಿಗುತ್ತದೆ. ಮೊದಲು ಒಬ್ಬರೇ ಬ್ಯಾಟರ್‌ಗೆಂದು ಪಿಚರ್ ತಂದು ಕೂಡಲೇ ತೆಗೆಯಬಹುದಿತ್ತು. 2020ರಿಂದ ಹೊಸದಾಗಿ ಬಂದವರು ಕನಿಷ್ಠ ಮೂರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಇನಿಂಗ್ ಮುಗಿಸಬೇಕು.

ಇದರ ಬಿಸಿ ತಟ್ಟಿದ್ದು ಆರನ್ ಬೂನ್‌ಗೆ. ಹೌದು, 2003ರಲ್ಲಿ ಹೋಮ್ ರನ್ ಹೊಡೆದ ಅದೇ ಬೂನ್, ಈಗ ಯಾಂಕೀಸ್ ಮ್ಯಾನೇಜರ್. 2024ರ ವರ್ಲ್ಡ್ ಸೀರೀಸ್ ಮೊದಲ ಪಂದ್ಯ, 10ನೇ ಇನಿಂಗ್, ಡಾಡ್ಜರ್ಸ್ ವಿರುದ್ಧ 3–2 ಮುನ್ನಡೆ. ಇಬ್ಬರು ಬೇಸ್ ಮೇಲೆ, ಬ್ಯಾಟಿಂಗ್‌ಗೆ ಎಡಗೈನ ಶೊಹೆ ಒಹ್ತಾನಿ. ಬೂನ್ ಕರೆದದ್ದು ಎಡಗೈ ಪಿಚರ್ ನೆಸ್ಟರ್ ಕೋರ್ಟೆಸ್‌ರನ್ನು. ಅವರು ಮೊಣಕೈ ನೋವಿನಿಂದ ಸೆಪ್ಟೆಂಬರ್ 18ರ ನಂತರ ಒಂದೂ ಪಂದ್ಯದಲ್ಲಿ ಎಸೆದಿರಲಿಲ್ಲ. ಇನ್ನೊಬ್ಬ ಎಡಗೈ ಪಿಚರ್ ಟಿಮ್ ಹಿಲ್ ಕೂಡ ಸಿದ್ಧವಾಗಿದ್ದರು. ಮೊದಲ ಎಸೆತಕ್ಕೆ ಒಹ್ತಾನಿ ಔಟ್. ಕ್ಯಾಚ್ ಹಿಡಿದವರು ಗ್ಯಾಲರಿಯೊಳಗೆ ಬಿದ್ದದ್ದರಿಂದ ಓಟಗಾರರು ಒಂದೊಂದು ಬೇಸ್ ಮುಂದೆ ಹೋದರು. ಬಲಗೈನ ಬೆಟ್ಸ್‌ಗೆ ಬೇಕೆಂದೇ ವಾಕ್ ಕೊಟ್ಟರು. ಕೋರ್ಟೆಸ್‌ಗೆ ಮೂರನೇ ಬ್ಯಾಟರ್ ಆದ ಎಡಗೈನ ಫ್ರೆಡ್ಡಿ ಫ್ರೀಮನ್ ಮೊದಲ ಎಸೆತವನ್ನೇ ಗ್ಯಾಲರಿಗೆ ಹೊಡೆದರು. 6–3. ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಗ್ರ್ಯಾಂಡ್ ಸ್ಲಾಮ್‌ನಿಂದ (ಬೇಸ್‌ಗಳು ತುಂಬಿದ್ದಾಗ ಹೊಡೆದ ಹೋಮ್ ರನ್) ಮುಗಿದ ಮೊದಲ ಪಂದ್ಯ ಅದು.

ಎಡಗೈ ಅನ್ನುವ ಯೋಚನೆ ಸರಿ. ಐದು ವಾರ ಪಂದ್ಯ ಆಡದವರನ್ನು ಅಂಥ ಬೆಂಕಿಗೆ ಇಳಿಸಿದ್ದು ಸರಿ ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ.

ಪಿಂಚ್ ರನ್ನರ್‌ನಿಂದ (ಬೇರೆಯವರ ಬದಲು ಓಡಲು ಬರುವವರು) ನಿಜಕ್ಕೂ ಏನಾದರೂ ಆಗುತ್ತದಾ?

2004, ಬಾಸ್ಟನ್. 2003ರ ಅದೇ ಎರಡು ತಂಡ, ಅದೇ ಅಮೆರಿಕನ್ ಲೀಗ್ ಫೈನಲ್ ಸರಣಿ. ಯಾಂಕೀಸ್ ಮೂರು ಪಂದ್ಯ ಗೆದ್ದಾಗಿತ್ತು. ನಾಲ್ಕನೆಯದರಲ್ಲೂ ಒಂಬತ್ತನೇ ಇನಿಂಗ್‌ನಲ್ಲಿ 4–3 ಮುಂದಿತ್ತು. ಯಾಂಕೀಸ್ ಕ್ಲೋಸರ್ ಮರಿಯಾನೊ ರಿವೆರಾ ಒಬ್ಬ ಬ್ಯಾಟರ್‌ಗೆ ವಾಕ್ ಕೊಟ್ಟರು. ಆಗ ಬಾಸ್ಟನ್ ಮ್ಯಾನೇಜರ್ ಆಗಿದ್ದ ಫ್ರಾಂಕೋನ, ಬೆಂಚ್ ಮೇಲೆ ಕೂತಿದ್ದ ಡೇವ್ ರಾಬರ್ಟ್ಸ್‌ರನ್ನು ಓಡಲು ಇಳಿಸಿದರು. ರಾಬರ್ಟ್ಸ್ ಬೇಸ್ ಕದಿಯುತ್ತಾರೆ, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುತ್ತಾರೆ ಅಂತ ಮೈದಾನದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ರಿವೆರಾ ಮೂರು ಸಲ ಮೊದಲ ಬೇಸ್‌ಗೆ ಎಸೆದು ತಡೆಯಲು ನೋಡಿದರು. ಆದರೂ ಬ್ಯಾಟರ್‌ಗೆ ಎಸೆದ ಮೊದಲ ಚೆಂಡಿಗೇ ರಾಬರ್ಟ್ಸ್ ಓಡಿದರು. ಕೂದಲೆಳೆಯಲ್ಲಿ ಸೇಫ್. ಬಿಲ್ ಮಿಲ್ಲರ್ ಸಿಂಗಲ್, 4–4. ಬಾಸ್ಟನ್ ಆ ಪಂದ್ಯ, ಆ ಸರಣಿ, ಕೊನೆಗೆ ವರ್ಲ್ಡ್ ಸೀರೀಸ್ ಕೂಡ ಗೆದ್ದಿತು.

ಅದಕ್ಕೆ ಬೆಲೆಯೂ ಇದೆ. 2025ರ ವರ್ಲ್ಡ್ ಸೀರೀಸ್ ಏಳನೇ ಪಂದ್ಯದಲ್ಲಿ ಡಾಡ್ಜರ್ಸ್ ವಿರುದ್ಧ ಟೊರಾಂಟೊದ ಬೋ ಬಿಶೆಟ್ ಮೂರು ರನ್‌ನ ಹೋಮ್ ರನ್ ಹೊಡೆದಿದ್ದರು. ಮೊಣಕಾಲು ನೋವು, ಓಡಲು ಆಗುತ್ತಿರಲಿಲ್ಲ. ಒಂಬತ್ತನೇ ಇನಿಂಗ್‌ನಲ್ಲಿ 4–4 ಇದ್ದಾಗ ಅವರು ಸಿಂಗಲ್ ಹೊಡೆದ ಕೂಡಲೇ ಮ್ಯಾನೇಜರ್ ಜಾನ್ ಶ್ನೈಡರ್ ಅವರ ಬದಲು ಐಸಾಯಾ ಕೈನರ್-ಫಲೇಫರನ್ನು ಓಡಲು ಕಳಿಸಿದರು. ಆ ಓಟಗಾರ ಕೊನೆಯ ಬೇಸ್‌ನಲ್ಲಿ ಇಂಚುಗಳ ಅಂತರದಲ್ಲಿ ಔಟ್. 11ನೇ ಇನಿಂಗ್‌ನಲ್ಲಿ ಒಂದು ರನ್ ಹಿಂದಿದ್ದಾಗ, ಎರಡನೇ ಬೇಸ್ ಮೇಲೆ ಓಟಗಾರ ಇದ್ದಾಗ ಬಿಶೆಟ್ ಜಾಗದ ಸರದಿ ಬಂತು. ಬಿಶೆಟ್ ಬೆಂಚ್ ಮೇಲಿದ್ದರು. ಕೈನರ್-ಫಲೇಫ ಬಂಟ್ ಮಾಡಿ (ಚೆಂಡನ್ನು ಬ್ಯಾಟಿಗೆ ಮೆಲ್ಲಗೆ ತಾಗಿಸಿ) ಓಟಗಾರನನ್ನು ಮುಂದೆ ದಾಟಿಸಿ ತಾವು ಔಟಾದರು. ನಾನು ಶ್ನೈಡರ್ ಜಾಗದಲ್ಲಿದ್ದರೂ ಓಟಗಾರನನ್ನು ಇಳಿಸುತ್ತಿದ್ದೆ. ಆಗ ಒಂದು ರನ್ ಬಂದಿದ್ದರೆ ಪಂದ್ಯ ಅಲ್ಲೇ ಮುಗಿಯುತ್ತಿತ್ತು.

ಎಲ್ಲ ಕಂಪ್ಯೂಟರೇ ಹೇಳುತ್ತದೆ ಅಂತಾರೆ, ನಿಜವಾ?

ಪಂದ್ಯದ ಮೊದಲೇ ವಿಶ್ಲೇಷಕರ ತಂಡ ಕೂತು ಯಾವ ಪಿಚರ್ ಯಾವ ಬ್ಯಾಟರ್‌ಗೆ ಅಂತ ಪಟ್ಟಿ ಮಾಡಿರುತ್ತದೆ. ಪಂದ್ಯ ಶುರುವಾದ ಮೇಲೆ ತೀರ್ಮಾನ ಮ್ಯಾನೇಜರ್‌ದೇ. ತೊಂದರೆ ಬರುವುದು ಪಟ್ಟಿಗೆ ಅಂಟಿಕೊಂಡಾಗ. 2023ರಲ್ಲಿ ಇದೇ ಶ್ನೈಡರ್, ಮಿನೆಸೋಟ ವಿರುದ್ಧ ಸೋತರೆ ಮನೆಗೆ ಅನ್ನುವ ಪಂದ್ಯದಲ್ಲಿ, ಹೊಸೆ ಬೆರಿಯೊಸ್‌ರನ್ನು ಬರೀ 47 ಎಸೆತಕ್ಕೆ ತೆಗೆದರು. ಬೆರಿಯೊಸ್ ಅಲ್ಲಿಯವರೆಗೆ ಸೊನ್ನೆ ಕೊಟ್ಟಿದ್ದರು, ಐದು ಸ್ಟ್ರೈಕ್‌ಔಟ್ ಮಾಡಿದ್ದರು. ಟೊರಾಂಟೊ 2–0ರಿಂದ ಸೋತಿತು. ಮೊದಲೇ ಬರೆದಿಟ್ಟ ಯೋಜನೆ ಅದು.

ನಿನ್ನೆ ಎಸೆದ ಸ್ಟಾರ್ಟರ್‌ನನ್ನು (ಪಂದ್ಯ ಶುರುಮಾಡುವ ಪಿಚರ್) ಇವತ್ತು ಮತ್ತೆ ತರಬಹುದಾ?

ನಿಯಮದಲ್ಲಿ ಅಡ್ಡಿ ಇಲ್ಲ. 2014ರ ವರ್ಲ್ಡ್ ಸೀರೀಸ್ ಏಳನೇ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ರೂಸ್ ಬೋಚಿ, ಮೂರು ದಿನದ ಹಿಂದೆ ಪೂರ್ತಿ ಪಂದ್ಯ ಎಸೆದಿದ್ದ ಮ್ಯಾಡಿಸನ್ ಬಮ್‌ಗಾರ್ನರ್‌ರಿಂದ ಕೊನೆಯ ಐದು ಇನಿಂಗ್ ಎಸೆಸಿ 3–2ರಿಂದ ಗೆದ್ದರು.

ಮೇಲೆ ಹೇಳಿದ 2025ರ ಟೊರಾಂಟೊ ವಿರುದ್ಧದ ಅದೇ ವರ್ಲ್ಡ್ ಸೀರೀಸ್‌ನಲ್ಲಿ ಡಾಡ್ಜರ್ಸ್ ಮ್ಯಾನೇಜರ್ ಇನ್ನೂ ಮುಂದೆ ಹೋದರು. ಆ ಮ್ಯಾನೇಜರ್ ಯಾರು ಗೊತ್ತಾ? 2004ರಲ್ಲಿ ಬೇಸ್ ಕದ್ದ ಡೇವ್ ರಾಬರ್ಟ್ಸ್. ಯೊಶಿನೊಬು ಯಮಮೊಟೊ ಆರನೇ ಪಂದ್ಯದಲ್ಲಿ 96 ಎಸೆತ ಎಸೆದಿದ್ದರು. ಮರುದಿನ ಏಳನೇ ಪಂದ್ಯದ ಒಂಬತ್ತನೇ ಇನಿಂಗ್, ಸಮ, ಒಬ್ಬರು ಔಟ್, ಇಬ್ಬರು ಬೇಸ್ ಮೇಲೆ. ರಾಬರ್ಟ್ಸ್ ಯಮಮೊಟೊರನ್ನೇ ಕರೆದರು. ಒಂದು ಚೆಂಡು ಬ್ಯಾಟರ್‌ಗೆ ತಗುಲಿ ಬೇಸ್‌ಗಳು ತುಂಬಿದವು. ಆದರೂ ರನ್ ಬರಲಿಲ್ಲ. ಆಗಷ್ಟೇ ಫೀಲ್ಡಿಂಗ್‌ಗೆಂದು ಇಳಿಸಿದ್ದ ಆ್ಯಂಡಿ ಪಾಹೆಸ್ ಓಡಿ ಬಂದು, ಜೊತೆಗಾರನಿಗೆ ಡಿಕ್ಕಿ ಹೊಡೆದು, ಆಳದ ಕ್ಯಾಚ್ ಹಿಡಿದರು. ಯಮಮೊಟೊ ಇನ್ನೆರಡು ಇನಿಂಗ್ ಎಸೆದು 5–4ರ ಗೆಲುವು ತಂದುಕೊಟ್ಟರು.

ಆ ಒಂಬತ್ತನೇ ಇನಿಂಗ್‌ನಲ್ಲಿ ಯಮಮೊಟೊಗೆ ಜಾಗ ಬಿಟ್ಟು ಮೌಂಡ್‌ನಿಂದ ಇಳಿದು ಹೋದ ಪಿಚರ್, ಅಷ್ಟು ಹೊತ್ತಿಗೆ ಡಾಡ್ಜರ್ಸ್ ಸೇರಿದ್ದ ಬ್ಲೇಕ್ ಸ್ನೆಲ್.